ಮನೆಯಲ್ಲಿ ಮಾಡಿದ ಕ್ರೀಮ್ ಒಡೆದುಹೋದರೆ: ಶಿರಸಿಯ ಅಡುಗೆಮನೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಒಂದು ಏಪ್ರಿಲ್‌ನಲ್ಲಿ ಕುಮಟೆಯ ಅತ್ತೆಗೆ ಎರಡು ಡಬ್ಬಿ ಕ್ರೀಮ್ ಕಳಿಸಿದ್ದೆ. ಮುರುಗಲ (ಕೋಕಂ) ಬೀಜದ ತುಪ್ಪ, ತೆಂಗಿನೆಣ್ಣೆ, ಜೇನುಮೇಣ, ಹಿತ್ತಲಿನ ಲೋಳೆಸರ. ಶಿರಸಿಯಲ್ಲಿ ಡಬ್ಬಿ ಮುಚ್ಚುವಾಗ ಬೆಣ್ಣೆಯ ಹಾಗೆ ಇತ್ತು. ಬಸ್ಸು ದೇವಿಮನೆ ಘಟ್ಟ ಇಳಿದು ಕುಮಟೆ ಮುಟ್ಟುವ ಹೊತ್ತಿಗೆ ಒಳಗೆ ಏನೋ ಆಗಿಹೋಗಿತ್ತು. ಸಂಜೆ ಫೋನ್ ಬಂತು: "ಇದೆಂತದೇ ಕೂಸೇ, ಕ್ರೀಮ್ ಹೇಳಿ ಒಡೆದ ಪಳದ್ಯ ಕಳಿಸಿದ್ಯಲೇ!" ಪಳದ್ಯ ಅಂದರೆ ನಮ್ಮ ಕಡೆಯ ಮಜ್ಜಿಗೆ ಹುಳಿ.

ನಾನು ಮಾಡಿದ ಮೊದಲ ತಪ್ಪು, ಏನಾಯ್ತು ಅಂತ ನೋಡದೆ ಮುಂದಿನ ಸಲ ಜೇನುಮೇಣ ಜಾಸ್ತಿ ಹಾಕಿದ್ದು. ಗಟ್ಟಿಯಾದರೆ ಒಡೆಯಲ್ಲ ಅಂತ ಲೆಕ್ಕ. ಕ್ರೀಮ್ ಮೇಣದಬತ್ತಿಯ ಹಾಗೆ ಗಟ್ಟಿಯಾಯ್ತು, ಆದರೂ ಬೆವರಿನ ಹಾಗೆ ನೀರು ಬಿಟ್ಟಿತು. ಆಮೇಲೆ ನೋಟ್‌ಬುಕ್ ಇಟ್ಟುಕೊಂಡು ಒಂದೊಂದೇ ಬದಲಿಸಿ ನೋಡಿದೆ. ಒಡೆದ ಕ್ರೀಮಿಗೆ ಏನನ್ನಾದರೂ ಸೇರಿಸುವ ಮೊದಲು ಅದು ಯಾವ ಥರ ಒಡೆದಿದೆ ಅಂತ ನೋಡಬೇಕು. ಮದ್ದು ಒಂದೊಂದಕ್ಕೆ ಒಂದೊಂದು.

ಮೊದಲು ಡಬ್ಬಿಯನ್ನು ಬೆಳಕಿಗೆ ಹಿಡಿಯಿರಿ

ಕ್ರೀಮ್ ಅಂದರೆ ನೀರಿನೊಳಗೆ ಎಣ್ಣೆಯ ಸಣ್ಣ ಸಣ್ಣ ಹನಿಗಳು, ಅಥವಾ ಎಣ್ಣೆಯೊಳಗೆ ನೀರಿನ ಹನಿಗಳು. ಹಾಲು ಮೊದಲನೆಯ ಜಾತಿ, ಬೆಣ್ಣೆ ಎರಡನೆಯದು. ಕಡಗೋಲು ಹಿಡಿದು ಮಜ್ಜಿಗೆ ಕಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಿಡ್ಡಿನ ಹನಿಗಳ ಸುತ್ತ ಇರುವ ತೆಳು ಪೊರೆ ಕಡೆದು ಕಡೆದು ಹರಿಯುತ್ತದೆ, ಹನಿಗಳು ಒಂದಕ್ಕೊಂದು ಅಂಟಿ ಬೆಣ್ಣೆ ಮೇಲೆ ಬರುತ್ತದೆ. ಅಲ್ಲಿ ನಮಗೆ ಬೇಕಾಗಿದ್ದೇ ಅದು. ಕ್ರೀಮಿನಲ್ಲಿ ಮಾತ್ರ ಆ ಪೊರೆ ಹರಿಯಬಾರದು.

ಗಾಜಿನ ಸಣ್ಣ ಬಾಟಲಿಗೆ ಒಂದೆರಡು ಚಮಚ ಕ್ರೀಮ್ ಹಾಕಿ ಒಂದು ದಿನ ಬಿಡಿ. ಮರುದಿನ ನೋಡಿದರೆ ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು ಕಾಣುತ್ತದೆ.

ಮೇಲೆ ದಪ್ಪ ಬಿಳಿ, ಕೆಳಗೆ ತೆಳು ಬಿಳಿ, ಆದರೆ ಎಲ್ಲೂ ಎಣ್ಣೆ ಹೊಳೆಯುತ್ತಿಲ್ಲ. ಇದು ಕೆನೆ ಕಟ್ಟಿದ್ದು ಅಷ್ಟೆ, ಒಡೆದದ್ದಲ್ಲ. ಅಲುಗಾಡಿಸಿದರೆ ಮತ್ತೆ ಒಂದಾಗುತ್ತದೆ. ಎಣ್ಣೆಹನಿ ದೊಡ್ಡದಿದೆ, ಇಲ್ಲವೇ ನೀರು ತೀರಾ ತೆಳುವಾಗಿದೆ.

ಮೇಲೆ ಹಳದಿ ಎಣ್ಣೆಯ ಪದರ, ಅಲುಗಾಡಿಸಿದರೂ ಸೇರುತ್ತಿಲ್ಲ. ಇದು ನಿಜವಾದ ಒಡೆತ. ಪೊರೆಯೇ ಹೋಗಿದೆ.

ಕೆಳಗೆ ತಿಳಿನೀರು, ಅಥವಾ ಮೇಲ್ಮೈಯಲ್ಲಿ ನೀರಿನ ಮಣಿಗಳು. ಜೇನುಮೇಣ, ಎಣ್ಣೆ, ನೀರು ಇಷ್ಟರಲ್ಲೇ ಮಾಡಿದ ಕ್ರೀಮಿನಲ್ಲಿ ಇದು ಸಾಮಾನ್ಯ.

ಬೆರಳಿಗೆ ರವೆ ಸಿಕ್ಕಿದ ಹಾಗೆ ಕಾಳುಕಾಳು. ಮೇಣ ಕಡೆಯುವ ಮೊದಲೇ ಹೆಪ್ಪುಗಟ್ಟಿದೆ, ಇಲ್ಲವೇ ತುಪ್ಪ ನಿಧಾನ ತಣಿದು ಹರಳು ಕಟ್ಟಿದೆ. ಹೆಚ್ಚಿನ ಸಲ ಇದು ಬಿಸಿಯ ತಪ್ಪು, ಅಳತೆಯ ತಪ್ಪಲ್ಲ.

ಐದನೆಯದೂ ಒಂದಿದೆ. ಹುಳಿ ವಾಸನೆ, ಬೂದು ಅಥವಾ ಕಪ್ಪು ಚುಕ್ಕೆ, ಮೊನ್ನೆವರೆಗೆ ಗಟ್ಟಿಯಾಗಿದ್ದದ್ದು ಇದ್ದಕ್ಕಿದ್ದಂತೆ ನೀರು. ಇದಕ್ಕೆ ರಿಪೇರಿ ಇಲ್ಲ. ಎಸೆಯಿರಿ. ಮತ್ತೆ ಕಾಯಿಸಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ನಿಮ್ಮ ಕ್ರೀಮ್ ಯಾವ ಜಾತಿಯದು?

ಒಂದು ಲೋಟ ನೀರಿಗೆ ಕಡಲೆಕಾಳಿನಷ್ಟು ಕ್ರೀಮ್ ಹಾಕಿ ಮೆಲ್ಲಗೆ ಕಲಕಿ. ಹಾಲಿನ ಹಾಗೆ ಹರಡಿದರೆ ನೀರು ಹೊರಗೆ, ಎಣ್ಣೆ ಒಳಗೆ. ಮುದ್ದೆಯಾಗಿ ತೇಲಿದರೆ ಎಣ್ಣೆ ಹೊರಗೆ. ಸಂಶಯ ಬಂದರೆ ಒಂದು ಹನಿ ಬೀಟ್‌ರೂಟ್ ರಸ ಬಿಡಿ. ಆ ಬಣ್ಣ ನೀರಲ್ಲಿ ಕರಗುವಂಥದ್ದು, ಹಾಗಾಗಿ ನೀರು ಹೊರಗಿದ್ದರೆ ತಾನಾಗಿ ಹಬ್ಬುತ್ತದೆ. ಎಣ್ಣೆ ಹೊರಗಿದ್ದರೆ ಹನಿ ಹನಿಯಾಗಿಯೇ ಕೂರುತ್ತದೆ.

ಮುಂದೆ ಹೇಳುವುದೆಲ್ಲ ಮೊದಲನೆಯ ಜಾತಿಯದು. ನಮ್ಮ ಕರಾವಳಿಯ ಸೆಕೆಗೆ ಅಂಟಂಟಾಗದೆ ಒಗ್ಗುವುದು ಅದೇ.

ಜೇನುಮೇಣದ ಭ್ರಮೆ

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ನಮ್ಮ ಕಡೆ ಜೇನು ಸಾಕುವವರು ಬಹಳ, ಮೇಣ ಸುಲಭವಾಗಿ ಸಿಗುತ್ತದೆ, ಕ್ರೀಮ್ ಮಾಡಲು ಕೂತವರೆಲ್ಲ ಮೊದಲು ಕೈ ಹಾಕುವುದು ಅದಕ್ಕೇ.

ಜೇನುಮೇಣ ಎಣ್ಣೆಯನ್ನು ಗಟ್ಟಿ ಮಾಡುತ್ತದೆ. ನೀರು ಮತ್ತು ಎಣ್ಣೆಯನ್ನು ಅದೊಂದೇ ಕಟ್ಟಿಹಾಕುವುದಿಲ್ಲ. ಆ ಕೆಲಸಕ್ಕೆ ಒಂದು ತುದಿ ನೀರನ್ನು, ಇನ್ನೊಂದು ತುದಿ ಎಣ್ಣೆಯನ್ನು ಹಿಡಿಯುವ ವಸ್ತು ಬೇಕು. ಅದೇ ಎಮಲ್ಸಿಫೈಯರ್. ಮೇಣದ ಕ್ರೀಮ್ ಮೊದಲ ದಿನ ಚೆಂದ ಕಾಣುವುದು ಯಾಕೆಂದರೆ, ಹೆಪ್ಪುಗಟ್ಟಿದ ಮೇಣದ ಜಾಲದಲ್ಲಿ ನೀರಿನ ಹನಿಗಳು ಸಿಕ್ಕಿಬಿದ್ದಿರುತ್ತವೆ. ಶಿರಸಿಯ ತಂಪಿನಲ್ಲಿ ಅವು ಹಾಗೇ ಇರುತ್ತವೆ. ಬಸ್ಸಿನ ಕಿಟಕಿ ಪಕ್ಕದ ಬಿಸಿಲಿಗೆ ಜಾಲ ಮೆತ್ತಗಾದರೆ ನೀರು ಇಳಿದುಬಿಡುತ್ತದೆ. ಅತ್ತೆಯ ಡಬ್ಬಿಯಲ್ಲಿ ಆಗಿದ್ದು ಇದೇ.

ಹಳೆಯ ಕೋಲ್ಡ್ ಕ್ರೀಮ್‌ಗಳಲ್ಲಿ ಮೇಣದ ಜೊತೆ ಬೊರಾಕ್ಸ್ ಹಾಕುತ್ತಿದ್ದರು. ಮೇಣದಲ್ಲಿರುವ ಆಮ್ಲದ ಜೊತೆ ಬೊರಾಕ್ಸ್ ಸೇರಿ ಅಲ್ಲೇ ಸ್ವಲ್ಪ ಸೋಪು ಹುಟ್ಟುತ್ತದೆ, ಆ ಸೋಪು ಎಮಲ್ಸಿಫೈಯರ್ ಕೆಲಸ ಮಾಡುತ್ತದೆ. ಉಪಾಯ ಚೆನ್ನಾಗಿಯೇ ಇದೆ. ಆದರೆ ಮಕ್ಕಳಿರುವ ಮನೆಯಲ್ಲಿ, ಒಡೆದ ಹಿಮ್ಮಡಿಗೆ ಹಚ್ಚುವ ಕ್ರೀಮಿಗೆ ನಾನು ಬೊರಾಕ್ಸ್ ಹಾಕುವುದಿಲ್ಲ.

ಬೇಕಾಗಿರುವುದು ಎಮಲ್ಸಿಫೈಯಿಂಗ್ ವ್ಯಾಕ್ಸ್. ಹೆಸರಲ್ಲಿ ಮೇಣ ಇದ್ದರೂ ಜೇನುಮೇಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಆನ್‌ಲೈನ್‌ನಲ್ಲಿ ಸಿಗುವ ಬಿಳಿ ಹಲ್ಲೆಗಳು. ನೂರು ಗ್ರಾಂ ಕ್ರೀಮಿಗೆ 5ರಿಂದ 6 ಗ್ರಾಂ ಸಾಕು. ಇನ್ನೊಂದು ಲೆಕ್ಕ ಬೇಕೆಂದರೆ, ಎಣ್ಣೆಭಾಗದ ಒಟ್ಟು ತೂಕದ ಕಾಲು ಭಾಗದಷ್ಟು.

ಬಿಡಿ ಎಮಲ್ಸಿಫೈಯರ್ ಬಳಸುವವರು ಎಚ್‌ಎಲ್‌ಬಿ ಲೆಕ್ಕ ಕಲಿಯಲೇಬೇಕು. ಎಮಲ್ಸಿಫೈಯರ್ ನೀರು, ಎಣ್ಣೆ ಎರಡರಲ್ಲಿ ಯಾವುದರ ಕಡೆ ಎಷ್ಟು ವಾಲುತ್ತದೆ ಅಂತ ಹೇಳಲು 1949ರಲ್ಲಿ ವಿಲಿಯಂ ಗ್ರಿಫಿನ್ ಕೊಟ್ಟ ಅಳತೆ ಅದು. ಅಂಕಿ ಸಣ್ಣದಿದ್ದರೆ ಎಣ್ಣೆಯ ಕಡೆ ಒಲವು, ದೊಡ್ಡದಿದ್ದರೆ ನೀರಿನ ಕಡೆ. ತೆಂಗಿನೆಣ್ಣೆಯನ್ನು ನೀರಲ್ಲಿ ಹಿಡಿದಿಡಲು ಸುಮಾರು 8 ಬೇಕು, ಮುರುಗಲ ತುಪ್ಪಕ್ಕೂ ನಾನು 8 ಎಂದೇ ಹಿಡಿಯುತ್ತೇನೆ. ಕ್ರೀಮನ್ನು ದಪ್ಪ ಮಾಡುವ, ಮೇಣದಂಥ ಸಿಟೈಲ್ ಆಲ್ಕೋಹಾಲ್‌ಗೆ ಸುಮಾರು 15.5. ತೆಂಗಿನೆಣ್ಣೆ 10 ಗ್ರಾಂ, ಮುರುಗಲ ತುಪ್ಪ 4, ಸಿಟೈಲ್ 2 ಇದ್ದರೆ ಸರಾಸರಿ 9ರ ಹತ್ತಿರ ಬರುತ್ತದೆ. ಸ್ಪಾನ್ 60 ಅನ್ನುವ ಎಮಲ್ಸಿಫೈಯರ್‌ನ ಅಂಕಿ 4.7, ಟ್ವೀನ್ 60 ಅನ್ನುವ ಇನ್ನೊಂದರದ್ದು 14.9. ಮೊದಲನೆಯದು 3.5 ಗ್ರಾಂ, ಎರಡನೆಯದು 2.5 ಗ್ರಾಂ ಸೇರಿಸಿದರೆ ಸರಾಸರಿ 9ಕ್ಕೆ ಬಂತು. ಈ ಲೆಕ್ಕ ತಲೆನೋವು ಅನಿಸಿದರೆ ಸುಮ್ನೆ ವ್ಯಾಕ್ಸ್ ತನ್ನಿ. ಅದರಲ್ಲಿ ಈ ಜೋಡಣೆ ಮೊದಲೇ ಮಾಡಿರುತ್ತಾರೆ.

ನಾನೀಗ ಬಳಸುವ ಅಳತೆ (100 ಗ್ರಾಂಗೆ)

ನೀರಿನ ಪಾತ್ರೆಗೆ: ಡಿಸ್ಟಿಲ್ಡ್ ವಾಟರ್ 71.7 ಗ್ರಾಂ, ಗ್ಲಿಸರಿನ್ 4, ಜಾಂಥಾನ್ ಗಮ್ 0.3.
ಎಣ್ಣೆಯ ಪಾತ್ರೆಗೆ: ತೆಂಗಿನೆಣ್ಣೆ 10, ಮುರುಗಲ ತುಪ್ಪ 4, ಎಮಲ್ಸಿಫೈಯಿಂಗ್ ವ್ಯಾಕ್ಸ್ 6, ಸಿಟೈಲ್ ಆಲ್ಕೋಹಾಲ್ 2.
ತಣಿದ ಮೇಲೆ: ಫಿನಾಕ್ಸಿಎಥನಾಲ್ ಇರುವ ಪ್ರಿಸರ್ವೇಟಿವ್ 1, ವಿಟಮಿನ್ ಇ 0.5, ಪರಿಮಳ 0.5.

ಚಮಚ, ಲೋಟದ ಅಳತೆ ಬೇಡ. 0.1 ಗ್ರಾಂ ತೋರಿಸುವ ತಕ್ಕಡಿ ತನ್ನಿ, ಗಮ್ ಮಾತ್ರ 0.01 ತೋರಿಸುವ ಪುಟ್ಟ ತಕ್ಕಡಿಯಲ್ಲಿ ತೂಗಿದರೆ ಇನ್ನೂ ಒಳ್ಳೆಯದು. ಗಮ್ಮನ್ನು ಮೊದಲು ಗ್ಲಿಸರಿನ್‌ನಲ್ಲಿ ಕಲಸಿ ಆಮೇಲೆ ನೀರು ಹಾಕಿ. ನೇರ ನೀರಿಗೆ ಉದುರಿಸಿದರೆ ಮೀನಿನ ಕಣ್ಣಿನಂಥ ಗಂಟುಗಳಾಗುತ್ತವೆ, ಅವು ಆಮೇಲೆ ಜಪ್ಪಯ್ಯ ಅಂದರೂ ಕರಗುವುದಿಲ್ಲ.

ಆ ಚಿಟಿಕೆ ಗಮ್ ಯಾಕೆ? ಎಣ್ಣೆಹನಿ ಮೇಲೇರುವ ವೇಗದ ಸೂತ್ರ ಜಾರ್ಜ್ ಸ್ಟೋಕ್ಸ್ 1851ರಷ್ಟು ಹಿಂದೆಯೇ ಕೊಟ್ಟ ಲೆಕ್ಕದಿಂದ ಬಂದದ್ದು. ಹನಿಯ ಅಗಲ ಅರ್ಧವಾದರೆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಸುತ್ತಲಿನ ನೀರು ದಪ್ಪವಾದಷ್ಟೂ ವೇಗ ಕಡಿಮೆ. ಕೆನೆ ಕಟ್ಟುವ ಕ್ರೀಮಿಗೆ ಎರಡೇ ಮದ್ದು: ಹನಿ ಸಣ್ಣದು ಮಾಡಿ, ನೀರು ದಪ್ಪ ಮಾಡಿ. ಮಜ್ಜಿಗೆ ಹುಳಿ ಒಡೆಯಬಾರದು ಅಂತ ಅಕ್ಕಿಯನ್ನೋ ಕಡಲೆಬೇಳೆಯನ್ನೋ ರುಬ್ಬಿ ಹಾಕುತ್ತೇವಲ್ಲ, ಅಲ್ಲಿನ ಒಡೆತ ಬೇರೆ ಜಾತಿಯದು, ಆದರೂ ದಪ್ಪ ಮಾಡಿ ಕಾಯುವ ಬುದ್ಧಿ ಅದೇ.

ನೀರು ಎಲ್ಲಿಯದು?

ಕಾರವಾರ, ಅಂಕೋಲಾ ಕಡೆ ಸಮುದ್ರದ ಹತ್ತಿರ ಇರುವ ಎಷ್ಟೋ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ಆ ನೀರಲ್ಲಿ ಸೋಪು ನೊರೆ ಬಾರದೆ ಬಿಳಿ ಕೊಳೆಯಂತೆ ತೇಲುವುದನ್ನು ನೋಡಿದ್ದೀರಲ್ಲ? ಸೋಪಿನ ಜಾತಿಯ ಎಮಲ್ಸಿಫೈಯರ್‌ಗೂ ಅದೇ ಗತಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಬಂದು ಅದನ್ನು ಹಿಡಿದುಕೊಳ್ಳುತ್ತವೆ. ಗ್ಲಿಸರೈಲ್ ಸ್ಟಿಯರೇಟ್ ಎಸ್‌ಇ ಅನ್ನುವ ಎಮಲ್ಸಿಫೈಯರ್ ಬಳಸುವವರು ಇದನ್ನು ನೆನಪಿಡಿ, ಅದರಲ್ಲಿ ಸೋಪಿನ ಅಂಶ ಇದೆ. ಘಟ್ಟದ ಮೇಲಿನ ನೀರು ಮೆದು, ಆದರೆ ಕೆಲವು ಬಾವಿಗಳಲ್ಲಿ ಕಬ್ಬಿಣದ ಅಂಶ ಇರುತ್ತದೆ. ಕಬ್ಬಿಣ ಸೇರಿದರೆ ಎಣ್ಣೆಗೆ ಬೇಗ ಕಮಟು ವಾಸನೆ ಬರುತ್ತದೆ. ಔಷಧದ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಕೇಳಿ ತನ್ನಿ. ಗ್ಯಾರೇಜಿನ ಬ್ಯಾಟರಿ ನೀರು ಚರ್ಮಕ್ಕೆ ಅಂತ ಮಾಡಿದ್ದಲ್ಲ.

ಬಿಸಿ ಮತ್ತು ಕಡೆತ

ಕಾಳುಕಾಳಾಗುವ ಕ್ರೀಮ್‌ಗೆಲ್ಲ ಮೂಲ ಇಲ್ಲೇ. ಒಂದು ಸಲ ಅವಸರದಲ್ಲಿ ಎಣ್ಣೆ 72 ಡಿಗ್ರಿಗೆ ಬಂದಿತ್ತು, ನೀರನ್ನು ಕೈಯಲ್ಲಿ ಮುಟ್ಟಿ ನೋಡಿ "ಬಿಸಿ ಇದೆ" ಅಂದುಕೊಂಡು ಸುರಿದೆ. ಆಮೇಲೆ ಥರ್ಮಾಮೀಟರ್ ಹಾಕಿದರೆ ಉಳಿದ ನೀರು 46 ಡಿಗ್ರಿ. ಸುರಿದ ಕ್ಷಣದಲ್ಲೇ ವ್ಯಾಕ್ಸ್ ಹೆಪ್ಪುಗಟ್ಟಿ, ಪಾತ್ರೆ ತುಂಬ ಸಬ್ಬಕ್ಕಿ ಪಾಯಸದ ಹಾಗೆ ಬಿಳಿ ಕಾಳುಗಳು ತೇಲಿದವು. ಕೈ ನಮಗೆ ಸುಳ್ಳು ಹೇಳುತ್ತದೆ.

ಕ್ರಮ ಹೀಗಿರಲಿ.

1. ಪಾತ್ರೆ, ಬ್ಲೆಂಡರ್‌ನ ಕಾಲು, ಚಮಚ, ಡಬ್ಬಿ ಎಲ್ಲವನ್ನೂ ಸೋಪು ಹಾಕಿ ತೊಳೆದು, ಒಣಗಿಸಿ, ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ. ಸ್ಪಿರಿಟ್ ಪೂರ್ತಿ ಆರುವ ತನಕ ಒಲೆ ಹಚ್ಚಬೇಡಿ.

2. ಅಗಲ ಪಾತ್ರೆಯಲ್ಲಿ ನೀರು ಕುದಿಯಲು ಇಟ್ಟು, ಅದರೊಳಗೆ ಎರಡು ಸ್ಟೀಲ್ ಲೋಟ ನಿಲ್ಲಿಸಿ. ಒಂದರಲ್ಲಿ ನೀರಿನ ಭಾಗ, ಇನ್ನೊಂದರಲ್ಲಿ ಎಣ್ಣೆಯ ಭಾಗ. ಇಡುವ ಮೊದಲೇ ನೀರಿನ ಲೋಟವನ್ನು ತೂಗಿ ಬರೆದಿಟ್ಟುಕೊಳ್ಳಿ.

3. ಎರಡೂ 70ರಿಂದ 75 ಡಿಗ್ರಿಗೆ ಬಂದ ಮೇಲೆ ಇಪ್ಪತ್ತು ನಿಮಿಷ ಅಲ್ಲೇ ಇರಲಿ. ಮುರುಗಲ ತುಪ್ಪ ಸುಮಾರು 40 ಡಿಗ್ರಿಗೇ ಕರಗುತ್ತದೆ, ಕರಗಿತು ಅಂತ ಇಳಿಸಬೇಡಿ. ವ್ಯಾಕ್ಸ್‌ನ ಒಂದು ಹಲ್ಲೆಯೂ ಉಳಿಯಬಾರದು.

4. ನೀರಿನ ಲೋಟವನ್ನು ಮತ್ತೆ ತೂಗಿ. ಆವಿಯಾದಷ್ಟು ಬಿಸಿನೀರು ಸೇರಿಸಿ. ಇದನ್ನು ಬಹಳ ಜನ ಮಾಡುವುದೇ ಇಲ್ಲ. ಸಣ್ಣ ಅಳತೆಯಲ್ಲಿ ಐದಾರು ಗ್ರಾಂ ಹೋದರೂ ಲೆಕ್ಕವೆಲ್ಲ ತಪ್ಪುತ್ತದೆ. ಪ್ರತಿ ಸಲ ಕ್ರೀಮ್ ಬೇರೆ ಬೇರೆ ಥರ ಬರಲು ಅದೂ ಒಂದು ಕಾರಣ.

5. ಎಣ್ಣೆಯನ್ನು ನೀರಿಗೆ ಸುರಿದು ಹ್ಯಾಂಡ್ ಬ್ಲೆಂಡರ್ ಇಳಿಸಿ. ತಲೆಯನ್ನು ಓರೆ ಮಾಡಿ ಒಳಗಿನ ಗಾಳಿ ಬಿಟ್ಟ ಮೇಲೆಯೇ ಗುಂಡಿ ಒತ್ತಿ. ಅರ್ಧ ನಿಮಿಷ ಬ್ಲೆಂಡರ್, ಅರ್ಧ ನಿಮಿಷ ಚಮಚ, ಹೀಗೆ ನಾಲ್ಕೈದು ಸುತ್ತು. ತಲೆ ಮುಳುಗಿಯೇ ಇರಬೇಕು, ಮೇಲೆ ಬಂದರೆ ಗಾಳಿ ಎಳೆದು ನೊರೆಯಾಗುತ್ತದೆ. ಕೈಯಲ್ಲಿ ತಿರುಗಿಸಿದರೆ ಹನಿ ದೊಡ್ಡದಾಗೇ ಉಳಿಯುತ್ತದೆ. ಮಿಕ್ಸಿ ಜಾರಿನಲ್ಲೂ ಮಾಡಬಹುದು, ಆದರೆ ಬಿಸಿ ಹಬೆಗೆ ಮುಚ್ಚಳ ಹಾರೀತು, ಜೊತೆಗೆ ನೊರೆ ವಿಪರೀತ.

6. ಆಮೇಲೆ ಬಿಟ್ಟು ಹೋಗಬೇಡಿ. 45 ಡಿಗ್ರಿಗೆ ಇಳಿಯುವ ತನಕ ಚಮಚದಲ್ಲಿ ಮೆಲ್ಲಗೆ ತಿರುಗಿಸುತ್ತಿರಿ. ಲೋಟವನ್ನು ತಣ್ಣೀರಲ್ಲಿ ನಿಲ್ಲಿಸಿ ಬೇಗ ತಣಿಸಿದರೆ ತುಪ್ಪದ ಹರಳು ಸಣ್ಣದಾಗುತ್ತದೆ. ನಿಧಾನ ತಣಿದ ತುಪ್ಪ ಹೇಗೆ ಹರಳು ಕಟ್ಟುತ್ತದೆ ಅಂತ ಗೊತ್ತಲ್ವಾ? ತಿನ್ನುವ ತುಪ್ಪದಲ್ಲಿ ಅದು ಚೆಂದ, ಕೆನ್ನೆಯ ಮೇಲೆ ಅಲ್ಲ.

7. 40ರ ಆಸುಪಾಸಿಗೆ ಬಂದ ಮೇಲೆ ಪ್ರಿಸರ್ವೇಟಿವ್, ವಿಟಮಿನ್ ಇ, ಪರಿಮಳ.

ಕೊನೆಗೆ ಸೇರಿಸಿದ್ದು ಮುರಿಯುತ್ತದೆ

ಬಿಳಿಯಾಗಿ, ನಯವಾಗಿ ಕೂತಿದ್ದ ಕ್ರೀಮ್, ಏನೋ ಒಂದು ಚಮಚ ಹಾಕಿದ ಕೂಡಲೆ ನೀರಾಯಿತು ಅನ್ನುವವರು ಇಲ್ಲಿ ಹುಡುಕಿ.

ಹಿತ್ತಲಿನ ಲೋಳೆಸರ. ಇದನ್ನು ಬಿಡಲು ನನಗೆ ಮನಸ್ಸೇ ಬರಲಿಲ್ಲ, ಕೊನೆಗೂ ಬಿಟ್ಟೆ. ಅದರ ಲವಣಗಳು ಗಮ್ಮನ್ನೂ ಎಮಲ್ಸಿಫೈಯರನ್ನೂ ಕಾಡುತ್ತವೆ, ನಾರು ಬ್ಲೆಂಡರಿಗೆ ಸುತ್ತಿಕೊಳ್ಳುತ್ತದೆ, ಸೂಕ್ಷ್ಮಜೀವಿಗಳಿಗಂತೂ ಹಬ್ಬದೂಟ. ಹಚ್ಚಬೇಕೆಂದರೆ ಎಲೆ ಮುರಿದು ನೇರ ಹಚ್ಚಿ.

ನಿಂಬೆರಸ, ಸಿಟ್ರಿಕ್ ಆಮ್ಲ. ಸೋಪಿನ ಜಾತಿಯ ಎಮಲ್ಸಿಫೈಯರ್‌ಗೆ ಹುಳಿ ಬಿದ್ದರೆ ಅದು ಸೋಪಾಗಿ ಉಳಿಯುವುದಿಲ್ಲ, ಕ್ರೀಮ್ ಅಲ್ಲೇ ಒಡೆಯುತ್ತದೆ. ಹಾಲಿಗೆ ಹುಳಿ ಹಿಂಡಿದ ಹಾಗೇ ಕಾಣುತ್ತದೆ. ಹಾಗಂತ ಪಿಎಚ್ ನೋಡದೆ ಬಿಡುವಂತೆಯೂ ಇಲ್ಲ. ಚರ್ಮಕ್ಕೆ 5ರ ಆಸುಪಾಸು ಒಳ್ಳೆಯದು, ಸೋಡಿಯಂ ಬೆಂಜೊಯೇಟ್ ಅನ್ನುವ ಪ್ರಿಸರ್ವೇಟಿವ್ ಹಾಕುವವರಿಗಂತೂ 5ಕ್ಕಿಂತ ಕೆಳಗೆ ಇರಲೇಬೇಕು, ಇಲ್ಲದಿದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಪಿಎಚ್ ಪಟ್ಟಿಯಲ್ಲಿ ನೋಡಿಕೊಂಡು ಸಿಟ್ರಿಕ್ ಆಮ್ಲವನ್ನು ನೀರಲ್ಲಿ ಕರಗಿಸಿ ಹನಿಹನಿಯಾಗಿ ಹಾಕಿ.

ಪರಸ್ಪರ ಆಗದ ಜೋಡಿ. ಬಿಟಿಎಂಎಸ್ ಅನ್ನುವ ಎಮಲ್ಸಿಫೈಯರ್‌ಗೆ ಧನ ವಿದ್ಯುದಂಶ, ಜಾಂಥಾನ್ ಗಮ್‌ಗೆ ಋಣ. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದನ್ನೊಂದು ಹಿಡಿದು ನೂಲುನೂಲಾಗುತ್ತವೆ. ಕಾರ್ಬೋಮರ್ ಜೆಲ್‌ಗೆ ಉಪ್ಪಿನಂಶ ಬಿದ್ದರೆ ಸಾಕು, ನೀರಾಗುತ್ತದೆ.

ಪರಿಮಳದ ಎಣ್ಣೆ ಜಾಸ್ತಿಯಾದರೂ ತೆಳುವಾಗುತ್ತದೆ. ಅರ್ಧ ಗ್ರಾಂ ಸಾಕು. ಫಿನಾಕ್ಸಿಎಥನಾಲ್ ಕೂಡ ಒಟ್ಟು 1 ಗ್ರಾಂ ದಾಟಬಾರದು.

ಪ್ರಿಸರ್ವೇಟಿವ್ ಬೇಡವೇ ಬೇಡ ಅನ್ನುವವರಿಗೆ ಒಂದು ಮಾತು. ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಬರುವ ಊರು ನಮ್ಮದು. ನೀರಿರುವ ಕ್ರೀಮ್ ಅದರ ಮುಂದೆ ಎಷ್ಟು ದಿನ ನಿಲ್ಲುತ್ತದೆ? ವಿಟಮಿನ್ ಇ ಎಣ್ಣೆ ಕಮಟದ ಹಾಗೆ ನೋಡಿಕೊಳ್ಳುತ್ತದೆ, ಬೂಷ್ಟನ್ನು ತಡೆಯುವುದಿಲ್ಲ. ಬೂಷ್ಟು, ಬ್ಯಾಕ್ಟೀರಿಯಾ ಗಮ್ಮನ್ನು ತಿಂದು, ಪಿಎಚ್ ಬದಲಿಸಿ, ಕಣ್ಣಿಗೆ ಕಾಣುವ ಮೊದಲೇ ಕ್ರೀಮ್ ಒಡೆಯಬಲ್ಲವು. ರಾಸಾಯನಿಕ ಬೇಡ ಅಂತಿದ್ದರೆ ನೀರನ್ನೇ ಬಿಡಿ. ತೆಂಗಿನೆಣ್ಣೆ, ಮುರುಗಲ ತುಪ್ಪ, ಜೇನುಮೇಣ ಮಾತ್ರ ಕರಗಿಸಿ ಮುಲಾಮು ಮಾಡಿ. ಒಡೆಯಲು ಅದರಲ್ಲಿ ಎರಡು ಪಾಲೇ ಇಲ್ಲ. ಹಿಮ್ಮಡಿಗೆ ನಮ್ಮ ಅಜ್ಜಿ ಬರೀ ಮುರುಗಲ ತುಪ್ಪ ಹಚ್ಚುತ್ತಿದ್ದಳು.

ಒಡೆದದ್ದನ್ನು ಉಳಿಸುವುದು

ಮಾಡಿ ಒಂದು ದಿನದೊಳಗೆ ಒಡೆದಿದ್ದರೆ, ವಾಸನೆ ಸರಿಯಿದ್ದರೆ, ಯಾರೂ ಬೆರಳು ಅದ್ದಿಲ್ಲದಿದ್ದರೆ ಮಾತ್ರ ಕೈ ಹಾಕಿ.

ಪೂರ್ತಿ ಕ್ರೀಮನ್ನು ಲೋಟಕ್ಕೆ ಹಾಕಿ, ತೂಗಿ, ಕುದಿನೀರಿನ ಪಾತ್ರೆಯಲ್ಲಿಟ್ಟು 70 ದಾಟಿಸಿ. ಕಾಳುಕಾಳಾಗಿದ್ದರೆ ಇಷ್ಟೇ ಸಾಕು: ಎಲ್ಲ ಕರಗಿದ ಮೇಲೆ ಆವಿಯಾದ ನೀರು ತುಂಬಿಸಿ, ಬ್ಲೆಂಡರ್ ಆಡಿಸಿ, ಬೇಗ ತಣಿಸಿ. ಎಣ್ಣೆ ಮೇಲೆ ನಿಂತಿದ್ದರೆ ನೂರು ಗ್ರಾಂಗೆ 1 ಗ್ರಾಂ ವ್ಯಾಕ್ಸ್ ಬೇರೆಯಾಗಿ ಕರಗಿಸಿ ಸೇರಿಸಿ ಕಡೆಯಿರಿ. ನಿಲ್ಲದಿದ್ದರೆ ಇನ್ನೊಂದು ಗ್ರಾಂ. ಅದಕ್ಕೂ ನಿಲ್ಲದಿದ್ದರೆ ಕೊರತೆ ವ್ಯಾಕ್ಸ್‌ನದ್ದಲ್ಲ. ಲವಣವೋ ಹುಳಿಯೋ ಆಗದ ಜೋಡಿಯೋ ಇದೆ, ಅಲ್ಲಿಗೆ ಕೈಬಿಡಿ. ಬರೀ ಕೆನೆ ಕಟ್ಟಿದ್ದಕ್ಕೆ ಇಷ್ಟೆಲ್ಲ ಬೇಡ, ಮುಂದಿನ ಸಲ ಗಮ್ 0.1 ಗ್ರಾಂ ಏರಿಸಿ, ಇನ್ನೆರಡು ಸುತ್ತು ಕಡೆಯಿರಿ. ಕಾಯಿಸಿದ ಕ್ರೀಮಿನಲ್ಲಿ ಪ್ರಿಸರ್ವೇಟಿವ್ ಎಷ್ಟು ಉಳಿಯಿತು ಅಂತ ಮನೆಯಲ್ಲಿ ಅಳೆಯಲು ಆಗುವುದಿಲ್ಲ. ಹಾಗಾಗಿ ಉಳಿಸಿದ ಕ್ರೀಮನ್ನು ನಾನು ಫ್ರಿಜ್‌ನಲ್ಲಿಟ್ಟು ಒಂದೆರಡು ವಾರದೊಳಗೆ ಕೈಕಾಲಿಗೆ ಹಚ್ಚಿ ಮುಗಿಸುತ್ತೇನೆ, ಯಾರಿಗೂ ಕೊಡುವುದಿಲ್ಲ.

ಘಟ್ಟ ಇಳಿಸುವ ಮೊದಲು

ಪ್ರತಿ ಹೊಸ ಅಳತೆಗೂ ಮೂರು ಸಣ್ಣ ಬಾಟಲಿ ತೆಗೆದಿಡಿ. ಒಂದು ಅಡುಗೆಮನೆಯ ಕಪಾಟಿನಲ್ಲಿ. ಇನ್ನೊಂದು ರಾತ್ರಿ ಫ್ರೀಜರ್, ಹಗಲು ಹೊರಗೆ, ಹೀಗೆ ಮೂರು ಸಲ. ಮೂರನೆಯದು ಬಿಸಿಯಲ್ಲಿ. ನಾನು ಬಚ್ಚಲ ಹಂಡೆಯ ಪಕ್ಕದ ಗೂಡಿನಲ್ಲಿ ಇಡುತ್ತೇನೆ. ಬೆಂಕಿ ಹಾಕಿದಾಗ ಅಲ್ಲಿ ಥರ್ಮಾಮೀಟರ್ 42, 43 ತೋರಿಸುತ್ತದೆ. ಎರಡು ವಾರ ಅಲ್ಲಿ ನಿಂತದ್ದು ಕುಮಟೆಯ ಏಪ್ರಿಲ್‌ನಲ್ಲೂ ನಿಂತಿದೆ.

ಶಿರಸಿಯಲ್ಲಿ ಡಿಸೆಂಬರ್ ಬೆಳಗ್ಗೆ ಬಾಟಲಿಯ ತೆಂಗಿನೆಣ್ಣೆ ಕಲ್ಲಾಗಿರುತ್ತದೆ, ಅದೇ ಹೊತ್ತಿಗೆ ಕಾರವಾರದಲ್ಲಿ ಎಷ್ಟೋ ಸಲ ನೀರಾಗಿಯೇ ಇರುತ್ತದೆ. 24, 25 ಡಿಗ್ರಿಯ ಗೆರೆ ಅದು. ಹಾಗಾಗಿ ಒಂದೇ ಅಳತೆ ಎರಡೂ ಊರಿಗೆ ಒಂದೇ ಥರ ಬರುವುದಿಲ್ಲ. ಕರಾವಳಿಗೆ ಕಳಿಸುವುದರಲ್ಲಿ ತೆಂಗಿನೆಣ್ಣೆ 8 ಗ್ರಾಂಗೆ ಇಳಿಸಿ ಮುರುಗಲ ತುಪ್ಪವನ್ನು 6ಕ್ಕೆ ಏರಿಸುತ್ತೇನೆ. ಮನೆಯ ಬಳಕೆಗೆ ಮೊದಲಿನ ಅಳತೆಯೇ. ಅಂದ ಹಾಗೆ, ಬಂಧುಗಳಿಗೆ ಕೊಡುವುದು ಬೇರೆ, ಮಾರುವುದು ಬೇರೆ. ಮಾರಾಟಕ್ಕೆ ತಯಾರಿಸಬೇಕಾದರೆ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕು.

ಡಬ್ಬಿಯ ಮೇಲೆ ಮಾಡಿದ ದಿನ, ಅಳತೆಯ ನಂಬರು ಬರೆದು ಅಂಟಿಸಿ. ಮೊದಲ ಸಲ ಹಚ್ಚುವವರು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಲಿ. ಅತ್ತೆಗೆ ಕಳಿಸುವ ಡಬ್ಬಿಗೆ ನಾನು ಒದ್ದೆ ಬಟ್ಟೆ ಸುತ್ತಿ, ಬೆಳಗಿನ ಮೊದಲ ಬಸ್ಸಿಗೆ, ಬಿಸಿಲು ಬೀಳದ ಕಡೆ ಕೂರುವವರ ಕೈಯಲ್ಲೇ ಕೊಡುತ್ತೇನೆ. ಹೋದ ಸಲದ್ದು 14ನೇ ನಂಬರು. ಈ ಸಲದ ಫೋನಿನಲ್ಲಿ ಪಳದ್ಯದ ಸುದ್ದಿ ಬರಲಿಲ್ಲ. ಡಬ್ಬಿ ಸಣ್ಣದಾಯ್ತು ಅನ್ನುವ ತಕರಾರು ಮಾತ್ರ ಬಂತು.